ಬಂಡಿಯೂ ಬ್ಯಾಂಡಿಯೂ

ಶಬ್ದಗಳ ವಿಷಯದಲ್ಲಿ ಕನ್ನಡಿಗರಿಗೆ ಎರಡು ರೋಗಗಳು ತಗಲಿವೆ. ಪರಭಾಷೆಯ ನಿಘಂಟಿನಲ್ಲಿ ತಮ್ಮ ಮಾತಿಗೆ ಸದೃಶವಾದ ಶಬ್ದವೊಂದು ಕಂಡೊಡನೆ ಅದು ತಮ್ಮದೇ ಎಂದು ಜಯಘೋಷ ಮಾಡುವುದು ಒಂದು. ಅದೇ ಮಾತನ್ನು ಮನೆಯ ಮಕ್ಕಳು ಆಡಿದರೆ ಹಳ್ಳಿಯದೆಂದು ನಾಚಿ ತಿದ್ದುವುದು ಇನ್ನೊಂದು. ಮೊದಲನೆಯದು ಅಭಿಮಾನದ ವೇಷದಲ್ಲಿಯೂ ಎರಡನೆಯದು ಸಭ್ಯತೆಯ ವೇಷದಲ್ಲಿಯೂ ಬರುವುದರಿಂದ ಇವು ರೋಗಗಳೆಂದು ಬೇಗನೆ ತಿಳಿಯುವುದಿಲ್ಲ. ಇವೆರಡೂ ಒಂದೇ ಶಬ್ದದ ಮೇಲೆ ಹೇಗೆ ಎರಗುವುವೆಂಬುದನ್ನು ನೋಡಬೇಕಾದರೆ, ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಒಕ್ಕಲಿಗನ ಬಾಯಲ್ಲಿ ತಲೆಮಾರುಗಳಿಂದ ಆಡುತ್ತ ಬಂದ ‘ಬಂಡಿ’ ಎಂಬ ಮಾತೊಂದನ್ನು ತೆಗೆದುಕೊಂಡರೆ ಸಾಕು.

ಇಂಗ್ಲಿಷಿನಲ್ಲಿ ‘ಬ್ಯಾಂಡಿ’ ಎಂಬ ಶಬ್ದವುಂಟು. ದೊಡ್ಡ ನಿಘಂಟನ್ನು ತೆರೆದರೆ ಅದಕ್ಕೆ ಮುಖ್ಯವಾಗಿ ನಾಲ್ಕು ಅರ್ಥಗಳು ದೊರೆಯುವುವು. ಮಂಜುಗಡ್ಡೆಯ ಬಯಲಿನ ಮೇಲೆ ಎರಡು ಪಂಗಡಗಳು ಬಾಗಿದ ಕೋಲುಗಳಿಂದ ಚೆಂಡನ್ನು ಹೊಡೆದು ಆಡುವ ಆಟವೊಂದು. ಆ ಕೋಲಿಗೂ ಅದೇ ಹೆಸರು. ಚೆಂಡನ್ನಾಗಲಿ ಮಾತನ್ನಾಗಲಿ ಅತ್ತಿಂದಿತ್ತ ಇತ್ತಿಂದತ್ತ ಹೊಡೆಯುವುದು, ಅಂದರೆ ಮಾತಿಗೆ ಮಾತು ಬೆಳೆಸುವುದು ಎಂಬ ಕ್ರಿಯಾಪದವು ಎರಡನೆಯದು. ಮೊಣಕಾಲುಗಳು ಹೊರಕ್ಕೆ ಬಾಗಿದ ಸೊಟ್ಟಗಾಲಿಗೆ ವಿಶೇಷಣವಾಗಿ ಸಲ್ಲುವುದು ಮೂರನೆಯದು. ನಾಲ್ಕನೆಯದು ದಕ್ಷಿಣ ಭಾರತದ ಎತ್ತಿನ ಬಂಡಿ.

ಈ ನಾಲ್ಕನೆಯ ಅರ್ಥವನ್ನು ಕಂಡೊಡನೆ ಅಭಿಮಾನಿಗಳ ಉತ್ಸಾಹಕ್ಕೆ ಮೇರೆಯಿಲ್ಲದಂತಾಗುವುದು. ಅವರ ವಾದಸರಣಿಯು ಹೀಗೆ ನಡೆಯುವುದು: ಬಂಡಿಯು ಇಂಗ್ಲಿಷಿಗೆ ಹೋದುದು ಅವರ ನಿಘಂಟಿನಿಂದಲೇ ಸಿದ್ಧವಾಯಿತು, ಬಂಡಿಗೆ ಗಾಲಿಯುಂಟು, ಗಾಲಿಯ ಅಂಚು ಬಾಗಿದುದು, ಆಟದ ಕೋಲೂ ಬಾಗಿದುದು, ಸೊಟ್ಟಗಾಲೂ ಬಾಗಿದುದು, ಬಂಡಿಯು ಊರಿಂದೂರಿಗೆ ಹೋಗಿಬರುವಂತೆ ಚೆಂಡೂ ಮಾತೂ ಹೋಗಿಬರುವುವು, ಆದುದರಿಂದ ನಾಲ್ಕು ಅರ್ಥಗಳಿಗೂ ಮೂಲವೊಂದೇ, ಹಿಮದ ನಾಡಿನ ಆಟಕ್ಕೂ ಕೃಷ್ಣಾ ಭೀಮಾ ತೀರದ ಒಕ್ಕಲಿಗನೇ ನಾಮಕರಣ ಮಾಡಿದನು! ಕೇಳುವುದಕ್ಕೆ ಇದು ಇಂಪಾಗಿದೆ. ಸಭೆಯಲ್ಲಿ ಹೇಳಿದರೆ ಕರತಾಡನವೂ ಆಗುವುದು. ಆದರೆ ಇದರಲ್ಲಿ ಸತ್ಯವಿರುವುದು ನಾಲ್ಕರಲ್ಲಿ ಒಂದು ಪಾಲು ಮಾತ್ರ.

ಕಾಲವನ್ನು ನೋಡಿದರೇ ಈ ವಾದವು ನಿಲ್ಲದು. ಲಂಡನ್ನಿನ ವರ್ತಕರು ಪೂರ್ವದೇಶಗಳ ವ್ಯಾಪಾರಕ್ಕಾಗಿ ಕಂಪನಿ ಕಟ್ಟಿ ರಾಣಿಯಿಂದ ಸನದು ಪಡೆದದ್ದು 1600ನೆಯ ಇಸವಿಯ ಕೊನೆಯ ದಿನ. ತೆಲುಗು ಕರಾವಳಿಯ ಮಚಲೀಪಟ್ಟಣದಲ್ಲಿ ಅವರು ಕೋಠಿಯಿಟ್ಟದ್ದು 1611ರಲ್ಲಿ. ಷೇಕ್ಸ್‌ಪಿಯರ್ ಕವಿಯ ‘ರೋಮಿಯೋ ಮತ್ತು ಜೂಲಿಯೆಟ್’ ನಾಟಕವಾದರೋ 1597ರಲ್ಲಿಯೇ ಅಚ್ಚಾಗಿತ್ತು. ಆ ನಾಟಕದಲ್ಲಿ ಬೀದಿಯ ಹೊಡೆದಾಟಕ್ಕೆ ‘ಬ್ಯಾಂಡಿ’ ಎಂಬ ಧಾತುವಿನಿಂದಾದ ಮಾತೇ ಪ್ರಯೋಗವಾಗಿದೆ. 1608ರಲ್ಲಿ ಅಚ್ಚಾದ ‘ಲಿಯರ್ ಮಹಾರಾಜ’ ನಾಟಕದಲ್ಲಿ, ಎದುರು ನಿಂತು ದಿಟ್ಟಿಸುವ ಸೇವಕನನ್ನು ಅರಸನು ಗದರಿಸುವಾಗಲೂ ಇದೇ ಶಬ್ದ. ಇಂಗ್ಲಿಷ್ ವರ್ತಕನು ದಕ್ಷಿಣದ ಬಂಡಿಯನ್ನು ಕಣ್ಣಿನಿಂದ ಕಾಣುವ ಮೊದಲೇ ಲಂಡನ್ನಿನ ರಂಗಸ್ಥಳದಲ್ಲಿ ಆಡುತ್ತಿದ್ದ ಶಬ್ದವು ಆ ಬಂಡಿಯಿಂದ ಹುಟ್ಟಿತೆಂದರೆ ಮಗನಿಗಿಂತ ತಂದೆ ಕಿರಿಯವನೆಂದಂತೆ ಆಗುವುದು. ಈ ಕ್ರಿಯಾಪದವು ಫ್ರೆಂಚರ ಟೆನ್ನಿಸ್ ಆಟದ ಮಾತಿಗೆ ಸಂಬಂಧಿಸಿದುದೆಂದು ನಿಘಂಟುಕಾರರು ಹೇಳುವರು. ಚೆಂಡನ್ನು ಆಚೆಯಿಂದ ಈಚೆಗೆ ಹೊಡೆಯುವುದು ಮೊದಲಿನ ಅರ್ಥ. ಮಾತನ್ನೂ ನೋಟವನ್ನೂ ಹಾಗೆ ಹೊಡೆಯುವುದು ಅದರಿಂದ ಬೆಳೆದ ಅರ್ಥ.

ಇನ್ನು ಆಟದ ವಿಷಯ. ಪೂರ್ವ ಇಂಗ್ಲೆಂಡಿನಲ್ಲಿ ಫೆನ್ ಎಂಬ ತಗ್ಗುಪ್ರದೇಶವುಂಟು. ಅಲ್ಲಿನ ಹುಲ್ಲುಗಾವಲುಗಳ ಮೇಲೆ ಚಳಿಗಾಲದಲ್ಲಿ ನೀರು ತೆಳ್ಳಗೆ ಹರಡಿ ಹೆಪ್ಪುಗಟ್ಟುವುದು. ಕಾಲಿಗೆ ಉಕ್ಕಿನ ಅಲಗುಗಳನ್ನು ಕಟ್ಟಿಕೊಂಡು ಆ ಮಂಜಿನ ಮೇಲೆ ಜಾರುತ್ತ, ತುದಿ ಬಾಗಿದ ಕೋಲಿನಿಂದ ಚೆಂಡನ್ನು ಅಟ್ಟುತ್ತ ಅಲ್ಲಿನ ಹಳ್ಳಿಗರು ಆಡುತ್ತಿದ್ದ ಆಟವೇ ಬ್ಯಾಂಡಿ. ಆ ಸೀಮೆಯ ಚಾರ್ಲ್ಸ್ ಗುಡ್‌ಮನ್ ಟೆಬಟ್ ಎಂಬವರು 1882ರಲ್ಲಿ ಇದರ ನಿಯಮಗಳನ್ನು ಬರೆದಿಟ್ಟರು. 1891ರಲ್ಲಿ ಇದಕ್ಕೊಂದು ಸಂಘವೂ ಏರ್ಪಟ್ಟಿತು. ಆಮೇಲೆ ಆಟವು ಹುಟ್ಟಿದ ನಾಡಿನಲ್ಲಿ ಕ್ಷೀಣಿಸಿ ಸ್ವೀಡನ್, ರಷ್ಯಾ, ಫಿನ್ಲೆಂಡ್, ನಾರ್ವೆಗಳಲ್ಲಿ ಬೆಳೆಯಿತು. ಪಂಗಡವೊಂದಕ್ಕೆ 11 ಜನ. ಕಣವು ಕಾಲ್ಚೆಂಡಿನ ಬಯಲಿನಷ್ಟು ವಿಸ್ತಾರ. 45 ನಿಮಿಷಗಳ ಎರಡು ಭಾಗ. ಗುರಿ ಕಾಯುವವನಿಗೆ ಮಾತ್ರ ಕೋಲಿಲ್ಲ. ಐಸ್ ಹಾಕಿಯಲ್ಲಿ ಚಪ್ಪಟೆಯಾದ ಬಿಲ್ಲೆಯನ್ನು ಹೊಡೆಯುವರು, ಇದರಲ್ಲಿ ಚೆಂಡನ್ನು. ಜಗತ್ತಿನ ಪ್ರಥಮ ಚಾಂಪಿಯನ್‌ಪಂದ್ಯವು 1957ರಲ್ಲಿ ಹೆಲ್ಸಿಂಕಿಯಲ್ಲಿ ನಡೆಯಿತು. ಆಟದ ಹೆಸರಿಗೂ ಕೋಲಿನ ಹೆಸರಿಗೂ ಚೆಂಡನ್ನು ಹೊಡೆದಾಡುವ ಕ್ರಿಯಾಪದವೇ ಹತ್ತಿರದ ನೆಂಟ. ಆ ಕೋಲಿನ ಬಾಗಿನಿಂದಲೇ ಬಾಗಿದ ಕಾಲಿಗೂ ಹೆಸರು ಬಂದಿತೆಂದು ನಿಘಂಟುಕಾರರ ಅಭಿಪ್ರಾಯ. ಬಿಸಿಲಿನಿಂದ ಭೂಮಿ ಬಿರಿಯುವ ಸುರಪುರದ ಎರೆಹೊಲಕ್ಕೂ ಹೆಪ್ಪುಗಟ್ಟಿದ ಫೆನ್ ಬಯಲಿಗೂ ಇಲ್ಲಿ ಯಾವ ಸಂಬಂಧವೂ ಇಲ್ಲ.

ಹಾಗಾದರೆ ಉಳಿಯುವುದು ನಾಲ್ಕನೆಯ ಅರ್ಥ. ಅದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಯೂಲ್ ಮತ್ತು ಬರ್ನೆಲ್ ಎಂಬ ಇಬ್ಬರು ವಿದ್ವಾಂಸರು ಭಾರತದಲ್ಲಿದ್ದ ಇಂಗ್ಲಿಷರ ಬಾಯಲ್ಲಿ ಸೇರಿಹೋದ ದೇಶೀಯ ಶಬ್ದಗಳನ್ನು ಕೂಡಿಸಿ ‘ಹಾಬ್ಸನ್-ಜಾಬ್ಸನ್’ ಎಂಬ ಕೋಶವನ್ನು ರಚಿಸಿದರು. ಅದು 1886ರಲ್ಲಿ ಪ್ರಕಟವಾಯಿತು. ಅವರಲ್ಲಿ ಬರ್ನೆಲ್ಲರು ಮದರಾಸು ಇಲಾಖೆಯಲ್ಲಿ ಅಧಿಕಾರ ಮಾಡಿದವರು, ಮಂಗಳೂರಿನಲ್ಲಿಯೂ ಇದ್ದವರು. ಕೋಶವು ಹೊರಬರುವ ಮೊದಲೇ, 1882ರಲ್ಲಿ ತೀರಿಕೊಂಡರು. ಆ ಕೋಶದಲ್ಲಿ ಈ ಶಬ್ದಕ್ಕೆ ಎಡೆ ದೊರೆತಿದೆ. ತಮಿಳಿನ ‘ವಂಡಿ’, ತೆಲುಗಿನ ‘ಬಂಡಿ’ ಇದರ ಮೂಲವೆಂದೂ, ದಕ್ಷಿಣ ಪಶ್ಚಿಮ ಇಲಾಖೆಗಳಲ್ಲಿ ಇದು ಬಳಕೆಯಲ್ಲಿದ್ದು ಬಂಗಾಲದಲ್ಲಿ ಅಪರಿಚಿತವೆಂದೂ ಅಲ್ಲಿ ಹೇಳಿದೆ. ಇದೇ ಶಾಸ್ತ್ರೀಯವಾದ ಕ್ರಮ. ಶಬ್ದವು ಎಲ್ಲಿ ನಡೆಯುವುದು, ಎಲ್ಲಿ ನಡೆಯದು ಎಂಬುದನ್ನು ಹೇಳಿದ ಬಳಿಕವೇ ಅದು ಯಾರ ಮನೆಯದೆಂಬ ತೀರ್ಮಾನ. ಇಂಗ್ಲಿಷ್ ನಿಘಂಟುಗಳೂ ಬಂಡಿಯ ಅರ್ಥವನ್ನು ಆಟದ ಅರ್ಥದಿಂದ ಬೇರ್ಪಡಿಸಿ ಬೇರೆ ಶಬ್ದವೆಂದೇ ಎಣಿಸುವುವು. ರೂಪವೊಂದೇ, ಶಬ್ದಗಳು ಬೇರೆ.

ಈ ತತ್ತ್ವವು ಕನ್ನಡಿಗನಿಗೆ ಹೊಸದಾಗಿರಬೇಕಾದುದಿಲ್ಲ. ಅವನ ಸ್ವಂತ ಭಾಷೆಯಲ್ಲಿ ‘ಕರಿ’ ಎಂದರೆ ಕಪ್ಪು. ‘ಕರಿ’ ಎಂದರೆ ಆನೆ. ‘ಕರಿ’ ಎಂದರೆ ಎಣ್ಣೆಯಲ್ಲಿ ಬೇಯಿಸು. ಆನೆಯು ಕಪ್ಪಾಗಿರುವುದರಿಂದ ಅದಕ್ಕೆ ಕರಿಯೆಂಬ ಹೆಸರು ಬಂದಿತೆಂದು ಯಾವನಾದರೂ ಹೇಳಿದರೆ ಕೇಳುವವರು ಒಪ್ಪಿಯೂ ಒಪ್ಪಬಹುದು. ಆದರೆ ಆನೆಯ ಕರಿ ಸಂಸ್ಕೃತದ್ದು. ಕರ ಅಂದರೆ ಸೊಂಡಿಲು, ಅದುಳ್ಳದ್ದು ಕರಿ. ಕಪ್ಪಿನ ಕರಿ ದೇಶ್ಯ. ವಸ್ತುವಿನಲ್ಲಿ ಹೋಲಿಕೆಯಿದೆಯೆಂದು ಶಬ್ದಗಳಿಗೆ ಲಗ್ನ ಮಾಡಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕೆ? ‘ಬಂಡವಾಳ’ವೆಂಬ ಮಾತನ್ನು ಬಂಡಿಗೆ ಕಟ್ಟಿ, ಬಂಡಿಯುಳ್ಳವನೇ ಹಣವುಳ್ಳವನಾಗಿದ್ದನೆಂದು ಕಥೆ ಹೆಣೆಯುವುದೂ ಸುಲಭ. ಅದರ ನೆಂಟನು ಮರಾಠಿಯ ‘ಭಾಂಡವಲ’, ಬಂಡಿಯಲ್ಲ. ಹಿಂದಿ ಮರಾಠಿಗಳಲ್ಲಿ ತೋಳಿಲ್ಲದ ಅಂಗಿಗೆ ‘ಬಂಡಿ’ಯೆನ್ನುವರು. ಅದನ್ನು ತೊಟ್ಟವನು ಬಂಡಿಯೇರಿ ಹೋದರೂ ಎರಡು ಬಂಡಿಗಳೂ ಒಂದಾಗಲಾರವು.

ಹಾಗೆಂದ ಮಾತ್ರಕ್ಕೆ ಶಬ್ದಗಳ ನಂಟಸ್ತಿಕೆಯನ್ನು ಹುಡುಕಲೇಬಾರದೆಂದಲ್ಲ. ನಿಯಮವನ್ನು ಹಿಡಿದು ಹುಡುಕಬೇಕು. ತಮಿಳಿನಲ್ಲಿ ಶಬ್ದದ ಮೊದಲಿಗೆ ವಕಾರವಿರುವೆಡೆ ಕನ್ನಡದಲ್ಲಿ ಬಕಾರವು ನಿಲ್ಲುವುದು: ಅಲ್ಲಿ ‘ವಾ’, ಇಲ್ಲಿ ‘ಬಾ’, ಅಲ್ಲಿ ‘ವಿಲ್’, ಇಲ್ಲಿ ‘ಬಿಲ್ಲು’, ಅಲ್ಲಿ ‘ವೇರ್’, ಇಲ್ಲಿ ‘ಬೇರು’. ವಂಡಿಯೂ ಬಂಡಿಯೂ ಎದುರುಬದುರಾಗಿ ನಿಂತಿರುವುದು ಈ ಸಾಲಿಗೆ ಒಪ್ಪುವಂತಿದೆ. ಹಳಗನ್ನಡದ ಪಕಾರವು ಹೊಸಗನ್ನಡದಲ್ಲಿ ಹಕಾರವಾಗುವುದನ್ನು ಶಾಲೆಯ ಬಾಲಕನೂ ಬಲ್ಲನು. ತೆಲುಗಿನಲ್ಲಿ ‘ಪಂದಿ’ಯಾಗಿ ಉಳಿದುದು ಕನ್ನಡದಲ್ಲಿ ‘ಹಂದಿ’ಯಾಯಿತು. ಆ ಪಂದಿಗೆ ಇಲಿಯನ್ನು ಸೂಚಿಸುವ ‘ಕೊಕ್ಕು’ ಸೇರಿ ತೆಲುಗರು ಹೆಗ್ಗಣಕ್ಕೆ ‘ಪಂದಿಕೊಕ್ಕು’ ಎಂದರು. ಇಂಗ್ಲಿಷರ ಬಾಯಲ್ಲಿ ಅದು ‘ಬ್ಯಾಂಡಿಕೂಟ್’ ಆಗಿ, ಆಸ್ಟ್ರೇಲಿಯಾ ಖಂಡದ ಬೇರೊಂದು ಪ್ರಾಣಿಗೂ ಹೆಸರಾಗಿ ಕುಳಿತಿತು. ಯಾದಗಿರಿಯ ಪೂರ್ವದ ಅಂಚಿನಲ್ಲಿ ತೆಲುಗೂ ಕನ್ನಡವೂ ಒಂದೇ ಸಂತೆಯಲ್ಲಿ ಬೆರೆಯುವುವು. ಅಲ್ಲಿಯ ಜನರಿಗೆ ಇಂತಹ ನಿಜವಾದ ಬೆರಗು ಎದುರಿಗೇ ಇರುವಾಗ, ಮಂಜುಗಡ್ಡೆಯ ಆಟವನ್ನು ಕದ್ದು ತಂದು ಹೆಮ್ಮೆಪಡಬೇಕಾದ ದೈನ್ಯವು ಏತಕ್ಕೆ?

ಈ ಭ್ರಾಂತಿಗೆ ಇನ್ನೊಂದು ಕಾರಣವುಂಟು; ಅದು ಈಚೆಗೆ ಬಲಿತುದು. ಕೈಯಲ್ಲಿ ಹಿಡಿಯುವ ಫೋನಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಿಂದ ಬರೆಯುವ ಅಭ್ಯಾಸವು ವಿದ್ಯಾವಂತರ ಮನೆಗಳಲ್ಲಿಯೇ ಹೆಚ್ಚು. ಆ ಅಕ್ಷರಗಳಲ್ಲಿ ಡಕಾರ ದಕಾರಗಳಿಗೆ ಭೇದವಿಲ್ಲ. ಎತ್ತು ಎಳೆಯುವ ಬಂಡಿಯೂ ಸೆರೆಯಲ್ಲಿರುವ ಬಂದಿಯೂ ಅಲ್ಲಿ ಒಂದೇ. ಹೀಗೆ ಬರೆದು ಬರೆದು ಕಿವಿ ಮೊಂಡಾದವನಿಗೆ ಯಾವ ಶಬ್ದವೂ ಯಾವುದರಿಂದಲೂ ಹುಟ್ಟಬಹುದು. ಸುರಪುರವು ಇಂಗ್ಲಿಷ್ ದಾಖಲೆಗಳಲ್ಲಿ ‘ಶೋರಾಪುರ’ವಾದುದನ್ನು ಆ ಊರಿನವರು ಮರೆತಿರಲಾರರು. 1841ರಿಂದ 1853ರ ವರೆಗೆ ಅಲ್ಲಿ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನು ತನ್ನ ಆತ್ಮಕಥೆಯಲ್ಲಿಯೂ ಆ ಹೆಸರನ್ನು ಹಾಗೆಯೇ ಬರೆದನು. ಆ ಪುಸ್ತಕವು ಅವನ ಮರಣಾನಂತರ 1877ರಲ್ಲಿ ಅಚ್ಚಾಯಿತು. ಪರದೇಶಿಯು ತನ್ನ ಲಿಪಿಯ ಬಡತನದಿಂದ ತಪ್ಪು ಬರೆದರೆ ಕ್ಷಮಿಸಬಹುದು. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಳಕಾರದ ಭೇದಗಳನ್ನೇ ಕೂಲಂಕಷವಾಗಿ ವಿಚಾರ ಮಾಡಿದ ಭಾಷೆಯ ಮಕ್ಕಳು ಡಕಾರ ದಕಾರಗಳನ್ನು ತಾವಾಗಿಯೇ ಬೆರೆಸಿಬಿಟ್ಟು ಆಮೇಲೆ ವ್ಯುತ್ಪತ್ತಿಯನ್ನು ಹೇಳಹೊರಟರೆ ಕ್ಷಮೆಗೆ ಕಾರಣವು ಕಾಣದು.

ಇಷ್ಟು ಮೊದಲನೆಯ ರೋಗದ ವಿಚಾರ. ಎರಡನೆಯದು ಇದಕ್ಕಿಂತ ಆಳವಾದುದು. ವೇದಿಕೆಯ ಮೇಲೆ ಬಂಡಿಯ ದಿಗ್ವಿಜಯವನ್ನು ಹೊಗಳಿದವನೇ ಮನೆಗೆ ಬಂದು, ಮೊಮ್ಮಗನು ಅಜ್ಜಿಯಿಂದ ಕಲಿತ ‘ಬಂಡಿ’ ಎಂಬ ಮಾತನ್ನು ಆಡಿದರೆ ‘ಹಾಗೆನ್ನಬಾರದು, ವೆಹಿಕಲ್ ಎನ್ನು’ ಎಂದು ತಿದ್ದುವನು. ಇಂಗ್ಲಿಷ್ ಕೋಶದಲ್ಲಿ ಅಚ್ಚಾದಾಗ ಗೌರವ, ಅಜ್ಜಿಯ ಬಾಯಲ್ಲಿ ಅಗೌರವ! ಮೇಲುನೋಟಕ್ಕೆ ವಿರುದ್ಧವೆಂದು ಕಾಣುವ ಈ ಎರಡು ನಡತೆಗಳಿಗೂ ಬೇರು ಒಂದೇ: ಕನ್ನಡದ ಮಾತಿಗೆ ಬೆಲೆ ಕಟ್ಟುವ ಅಧಿಕಾರವು ಇಂಗ್ಲಿಷಿಗೆ ಸೇರಿದುದೆಂಬ ಒಳಗಿನ ಒಪ್ಪಿಗೆ. ಅಲ್ಲಿಂದ ಪ್ರಶಂಸಾಪತ್ರವು ದೊರೆತರೆ ಮಾತ್ರ ಮಾತು ಮಾತಾಗುವುದು. ಇಲ್ಲವಾದರೆ ಅದು ಹಳ್ಳಿಯ ಕಸ.

ಈ ನಾಚಿಕೆಯು ಈ ಸೀಮೆಯಲ್ಲಿ ಬೇರೂರಿದುದಕ್ಕೆ ಇತಿಹಾಸವೂ ಕಾರಣವಾಗಿದೆ. 1948ರ ಸಪ್ಟೆಂಬರದ ವರೆಗೆ ಇಲ್ಲಿ ನಿಜಾಮರ ಆಳಿಕೆ. ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿ. ಕನ್ನಡವು ಮನೆಗೂ ಹೊಲಕ್ಕೂ ಮಠಕ್ಕೂ ಸೀಮಿತವಾಯಿತು. 1956ರ ನವಂಬರ 1ರಂದು ಈ ಭಾಗವು ವಿಶಾಲ ಮೈಸೂರು ರಾಜ್ಯವನ್ನು ಸೇರಿದಾಗ ಕನ್ನಡವೇ ಅಧಿಕಾರದ ಭಾಷೆಯಾಗುವ ಭಾಗ್ಯವು ಬಂದಿತು. ಆದರೆ ಪುಸ್ತಕದಲ್ಲಿ ಬಂದ ಕನ್ನಡವು ಮೈಸೂರು ಧಾರವಾಡಗಳ ಕನ್ನಡ. ಇಲ್ಲಿಯ ಹುಡುಗನು ತನ್ನ ಮಾತೇ ರಾಜ್ಯದ ಮಾತಾಯಿತೆಂದು ಹಿಗ್ಗುವ ಮೊದಲೇ, ತನ್ನ ಮಾತಿನಲ್ಲಿ ಉರ್ದು ಬೆರೆತಿದೆ, ತೆಲುಗು ಬೆರೆತಿದೆ, ಅದು ಶುದ್ಧವಲ್ಲವೆಂಬ ನಿಂದೆಯನ್ನು ಕೇಳಬೇಕಾಯಿತು. 2009ರ ಡಿಸೆಂಬರ 30ರಂದು ಯಾದಗಿರಿಯು ಕಲಬುರ್ಗಿಯಿಂದ ಬೇರೆಯಾಗಿ ಸ್ವತಂತ್ರ ಜಿಲ್ಲೆಯಾಯಿತು. ಜಿಲ್ಲೆಯಾದುದರಿಂದ ಕಚೇರಿಗಳು ಬಂದುವು. ಆ ಜಿಲ್ಲೆಯ ಮಾತಿಗೆ ಮರ್ಯಾದೆಯು ತಾನಾಗಿ ಬರಲಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಅವಕಾಶವಿರಬಾರದು. ಹೊರಗಿನ ಶಬ್ದವೆಲ್ಲ ತ್ಯಾಜ್ಯವೆಂಬ ಮಡಿವಂತಿಕೆಯ ವಾದವಿದಲ್ಲ. ‘ಗಾಡಿ’ಯು ಉತ್ತರದಿಂದ ಬಂದು ಕನ್ನಡದಲ್ಲಿ ಮನೆ ಮಾಡಿಕೊಂಡಿದೆ, ಅದನ್ನು ಹೊರಗಟ್ಟಬೇಕೆನ್ನುವವನು ಅವಿವೇಕಿ. ‘ಜಮೀನು’, ‘ಕಚೇರಿ’, ‘ಫಸಲು’ ಎನ್ನದೆ ಇಲ್ಲಿಯ ಒಕ್ಕಲಿಗನಿಗೆ ದಿನ ಸಾಗದು. ನಾಲ್ಕು ಭಾಷೆಗಳ ಮೇರೆಯಲ್ಲಿ ಬಾಳುವ ಜನರು ನಾಲ್ಕೂ ಕಡೆಯಿಂದ ಶಬ್ದಗಳನ್ನು ಪಡೆಯುವುದು ಅವರ ಸಂಪತ್ತೇ ಹೊರತು ಅಶೌಚವಲ್ಲ. ಹೊಸದನ್ನು ತರುವ ಸಲುವಾಗಿ ಇದ್ದುದಕ್ಕೆ ನಾಚುವುದು ಮಾತ್ರ ದೋಷ. ಕನ್ನಡದ ಹಿರಿಯರು ಹಾಗೆ ನಾಚಲಿಲ್ಲ. ಅಲ್ಲಮಪ್ರಭುವು ಮನುಷ್ಯನ ದೇಹವನ್ನೇ ಬಂಡಿಯಾಗಿ ಕಂಡ ವಚನವುಂಟು. ಸುರಪುರ ತಾಲೂಕಿನ ಮುದನೂರಿನವನೆಂದು ಪರಂಪರೆಯು ಹೇಳುವ ಜೇಡರ ದಾಸಿಮಯ್ಯನು ಮಗ್ಗದ ಮಾತುಗಳನ್ನು ವಚನದಲ್ಲಿ ತರುವುದಕ್ಕೆ ಹಿಂಜರಿಯಲಿಲ್ಲ. ಹೊಗೆಯುಗುಳುವ ರೈಲು ಬಂದಾಗ ಕನ್ನಡದ ಲೇಖಕರು ಅದಕ್ಕೆ ‘ಉಗಿಬಂಡಿ’ಯೆಂದರು. ಡಿ. ವಿ. ಗುಂಡಪ್ಪನವರು 1943ರಲ್ಲಿ ಪ್ರಕಟವಾದ ‘ಮಂಕುತಿಮ್ಮನ ಕಗ್ಗ’ದಲ್ಲಿ ಬಾಳನ್ನು ಕುದುರೆಯೆಳೆಯುವ ಬಂಡಿಗೆ ಹೋಲಿಸಿದರು. ಇವರೆಲ್ಲರೂ ಒಪ್ಪಿದ ಮಾತು ಪಟ್ಟಣದ ಒಂದು ಅಂತಸ್ತಿನ ಮನೆಗೆ ಒಗ್ಗದಾಯಿತೆ?

ಮೂರನೆಯ ಪಕ್ಷದವರೂ ಕೆಲವರುಂಟು. ಅವರು ವ್ಯವಹಾರಜ್ಞರು. ‘ಬಂಡಿಯೇ ಹೋಯಿತು, ಟ್ರ್ಯಾಕ್ಟರು ಬಂದಿತು, ವಸ್ತುವು ಹೋದ ಮೇಲೆ ಹೆಸರನ್ನು ಕಟ್ಟಿಕೊಂಡು ಮಾಡುವುದೇನು?’ ಎಂದು ಅವರು ಕೇಳುವರು. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮುಂಬಯಿಯಿಂದ ಬಂದ ರೈಲುದಾರಿಯು 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ದಾರಿಯನ್ನು ಕೂಡಿಕೊಂಡಾಗ ಯಾದಗಿರಿಯು ಆ ದಾರಿಯ ಮೇಲಿನ ಊರಾಯಿತು; ಶಹಾಪುರ ಸುರಪುರಗಳು ದೂರ ಉಳಿದುವು. ಮೋಟಾರು ಬರುವ ತನಕ ಆ ಊರುಗಳ ಕಾಳುಕಡಿಗೂ ರೈಲಿನ ನಿಲ್ದಾಣಕ್ಕೂ ನಡುವಿನ ಆಸರೆಯು ಎತ್ತಿನ ಬಂಡಿಯೇ. ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಿದ್ದುದೂ ಬಂಡಿಯಲ್ಲಿಯೇ. ಇಂದು ಆ ಕೆಲಸವನ್ನು ಟ್ರ್ಯಾಕ್ಟರೂ ಮೋಟಾರ್ ಸೈಕಲ್ಲೂ ಮಾಡುವುವು. ಒಕ್ಕಲಿಗನ ಎತ್ತಿನ ಬೆನ್ನು ಹಗುರಾದರೆ ಅಳಬೇಕಾದುದಿಲ್ಲ. ಬಂಡಿಯು ಮರಳಿ ಬರಬೇಕೆಂದು ಯಾರೂ ಹರಕೆ ಹೊರಬೇಕಾಗಿಲ್ಲ.

ಆದರೆ ವಸ್ತುವು ಹೋದೊಡನೆ ಹೆಸರು ಹೋಗುವುದೆಂಬ ಮಾತು ಸುಳ್ಳು. ಬಂಡಿಯನ್ನು ಎಂದೂ ಏರದ ಗೃಹಸ್ಥನೂ ‘ಸಂಸಾರದ ಬಂಡಿ’ ಎಳೆಯುತ್ತಿರುವೆನೆನ್ನುವನು; ವಾರ್ತಾಪತ್ರಿಕೆಯವನು ‘ಬಂಡಿಗಟ್ಟಲೆ’ ಎಂದು ಬರೆಯುವನು; ಗಂಡಹೆಂಡಿರಲ್ಲಿ ಒಮ್ಮತವಿಲ್ಲದಾಗ ಎತ್ತು ಏರಿಗೆ, ಕೋಣ ನೀರಿಗೆ ಎಂಬ ಗಾದೆಯು ಈಗಲೂ ಬಾಯಿಗೆ ಬರುವುದು. ಎತ್ತನ್ನೂ ಕೋಣವನ್ನೂ ಒಂದೇ ನೊಗಕ್ಕೆ ಹೂಡಿದರೆ ಆಗುವ ಪಾಡನ್ನು ಕಂಡವರು ಕಟ್ಟಿದ ಗಾದೆಯದು; ನೊಗವೆಂದರೇನೆಂದು ತಿಳಿಯದ ಬಾಲಕನಿಗೆ ಅದರ ಸ್ವಾರಸ್ಯವು ಹೇಗೆ ತಿಳಿಯಬೇಕು? ಅರ್ಥವಾಗದ ಗಾದೆಯನ್ನು ಒಂದು ತಲೆಮಾರು ಕಂಠಪಾಠ ಮಾಡೀತು, ಮುಂದಿನದು ಮರೆತೀತು.

ನಿಜವಾಗಿ ಅಪಾಯದಲ್ಲಿರುವುದು ‘ಬಂಡಿ’ಯೆಂಬ ಒಂದು ಮಾತಲ್ಲ, ಅದರ ಬೆನ್ನ ಹಿಂದೆ ಇರುವ ಮಾತುಗಳ ಪರಿವಾರ. ಗಾಲಿಯ ನಡುವಿನ ಗುಂಬಕ್ಕೂ, ಅದರಿಂದ ಅಂಚಿಗೆ ಹಾಯುವ ಅರೆಕಾಲುಗಳಿಗೂ, ಅಚ್ಚಿನಿಂದ ಗಾಲಿಯು ಕಳಚದಂತೆ ತಡೆಯುವ ಕಡೆಗೀಲಿಗೂ, ಎತ್ತಿನ ಹೆಗಲ ಮೇಲಿನ ನೊಗಕ್ಕೂ, ಅದಕ್ಕೆ ಬಿಗಿಯುವ ಮಿಣಿಗೂ ಬೇರೆ ಬೇರೆ ಹೆಸರುಗಳುಂಟು. ಅವು ತಾಲೂಕಿನಿಂದ ತಾಲೂಕಿಗೆ ಬದಲಾಗುವುದೂ ಉಂಟು. ಕಂಬಾರನು ಕಬ್ಬಿಣದ ಪಟ್ಟಿಯನ್ನು ಗಾಲಿಗಿಂತ ತುಸು ಕಿರಿದಾಗಿ ಬಳೆಯಂತೆ ಬೆಸೆದು, ಕೆಂಪಗೆ ಕಾಯಿಸಿ ಹಿಗ್ಗಿಸಿ, ಬಡಿಗನು ಕಡೆದ ಮರದ ಗಾಲಿಗೆ ತೊಡಿಸಿ, ಒಡನೆಯೇ ನೀರು ಹೊಯ್ಯುವನು. ಕಬ್ಬಿಣವು ತಣ್ಣಗಾಗಿ ಕುಗ್ಗಿ, ಅರೆಕಾಲುಗಳನ್ನೆಲ್ಲ ಗುಂಬಕ್ಕೆ ಅಮುಕಿ ಹಿಡಿಯುವುದು. ಮೊಳೆಯಿಲ್ಲದೆ ಗಾಲಿಯು ಗಟ್ಟಿಯಾಗುವುದು ಈ ಉಪಾಯದಿಂದಲೇ. ಉಷ್ಣದಿಂದ ಲೋಹವು ಹಿಗ್ಗುವುದೆಂಬುದನ್ನು ಶಾಲೆಯ ಪುಸ್ತಕದಲ್ಲಿ ಓದುವ ಹುಡುಗನ ಊರಿನಲ್ಲಿಯೇ ಇದನ್ನು ಕೈಯಾರ ಮಾಡಿದ ಮುದುಕರಿರುವರು. ಆ ಕೆಲಸದ ಒಂದೊಂದು ಹಂತಕ್ಕೂ ಅವರಲ್ಲಿ ಮಾತುಗಳಿವೆ. ಮಗನು ಬೇರೆ ಕೆಲಸಕ್ಕೆ ಹೋಗಿರುವನು, ಮೊಮ್ಮಗನು ಕೇಳಿಲ್ಲ. ಮುದುಕನು ಹೋದ ದಿನ ಅವನೊಡನೆ ಅಷ್ಟೂ ಮಾತುಗಳು ಹೋಗುವುವು. ಇಂಗ್ಲಿಷ್ ಕೋಶದವರಿಗೆ ‘ಬಂಡಿ’ ಸಿಕ್ಕಿತು. ಕಡೆಗೀಲನ್ನು ಬರೆದುಕೊಳ್ಳಲು ಅವರು ಬರಲಾರರು, ಬರಬೇಕಾದ ಕಾರಣವೂ ಇಲ್ಲ.

ಕನ್ನಡದಲ್ಲಿ ಕೋಶಗಳಿಲ್ಲವೆಂದಲ್ಲ. ಜರ್ಮನಿಯಿಂದ ಬಂದ ಕಿಟ್ಟೆಲರು ದಶಕಗಳ ದುಡಿಮೆಯಿಂದ ಕೂಡಿಸಿದ ಕೋಶವು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ಮಹಾನಿಘಂಟು 1970ರಿಂದ 1995ರ ವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದಿತು. ಇವು ಕನ್ನಡದ ಹೆಮ್ಮೆಗಳು. ಆದರೆ ಇಂತಹ ಕೋಶಗಳಿಗೆ ಗ್ರಂಥಗಳೂ ಶಾಸನಗಳೂ ಪ್ರಧಾನವಾದ ಆಕರಗಳು. ಗ್ರಂಥವನ್ನು ಸೇರದೆ ಬಾಯಲ್ಲಿಯೇ ಬಾಳಿದ ಮಾತುಗಳನ್ನು ಆಯಾ ಸೀಮೆಯವರೇ ಕೂಡಿಸಬೇಕಲ್ಲದೆ ಬೆಂಗಳೂರಿನ ಪಂಡಿತರಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಆದುದರಿಂದ ಕರ್ತವ್ಯವು ಸ್ಪಷ್ಟವಾಗಿದೆ. ಯಾದಗಿರಿ, ಶಹಾಪುರ, ಸುರಪುರಗಳ ವಿದ್ಯಾವಂತ ಮನೆತನಗಳಲ್ಲಿ ಒಂದೊಂದು ವಹಿ ಇರಲಿ. ರಜೆಯಲ್ಲಿ ಮಕ್ಕಳು ಊರಿಗೆ ಹೋದಾಗ ಬಡಿಗನ ಬಳಿಯಲ್ಲಿ, ಕಂಬಾರನ ಬಳಿಯಲ್ಲಿ, ಒಕ್ಕಲಿಗನ ಬಳಿಯಲ್ಲಿ ಕುಳಿತು ಕೇಳಲಿ. ಕೇಳಿದ ಮಾತನ್ನು ಕನ್ನಡದ ಅಕ್ಷರಗಳಲ್ಲಿಯೇ, ಡಕಾರವನ್ನು ಡಕಾರವಾಗಿ ದಕಾರವನ್ನು ದಕಾರವಾಗಿ, ಕೇಳಿದ ಹಾಗೆಯೇ ಬರೆಯಲಿ. ಯಾವ ಊರಿನಲ್ಲಿ ಕೇಳಿದ್ದು, ಯಾವ ಕಸುಬಿನವರು ಆಡಿದ್ದು, ಯಾವ ವಾಕ್ಯದಲ್ಲಿ ಬಂದದ್ದು ಎಂಬುದನ್ನು ಜೊತೆಗೆ ಕಾಣಿಸಲಿ. ಸುರಪುರದಲ್ಲಿ ಒಂದು ಹೆಸರು, ಯಾದಗಿರಿಯಲ್ಲಿ ಇನ್ನೊಂದು ಹೆಸರು ಸಿಕ್ಕರೆ ಎರಡನ್ನೂ ಬರೆಯಲಿ. ಒಂದನ್ನು ಶುದ್ಧವೆಂದೂ ಇನ್ನೊಂದನ್ನು ಅಶುದ್ಧವೆಂದೂ ತೀರ್ಪು ಕೊಡುವ ಅವಸರವು ಬೇಡ. ವ್ಯುತ್ಪತ್ತಿಯ ಅಂಕಣವನ್ನು ಪ್ರಮಾಣವು ದೊರೆಯುವ ವರೆಗೆ ಬರಿದಾಗಿಯೇ ಬಿಡಲಿ. ಬರಿದಾದ ಅಂಕಣವು ಸುಳ್ಳು ತುಂಬಿದ ಅಂಕಣಕ್ಕಿಂತ ಮೇಲು. ಶಾಲೆಯ ಉಪಾಧ್ಯಾಯರು ಹುಡುಗನ ಮನೆಯ ಮಾತನ್ನು ತಿದ್ದುವ ಮೊದಲು ಅದರ ಅರ್ಥವನ್ನು ಅವನಿಂದಲೇ ಕೇಳಿ ತಿಳಿಯಲಿ. ಪುಸ್ತಕದ ಮಾತನ್ನು ಕಲಿಸುವುದಕ್ಕಾಗಿ ಮನೆಯ ಮಾತನ್ನು ಕೊಲ್ಲಬೇಕಾದುದಿಲ್ಲ.

ಹಿಮದ ನಾಡಿನವರು ತಮ್ಮ ಬ್ಯಾಂಡಿಯನ್ನು ತಾವು ಆಡಿಕೊಂಡು ಸುಖವಾಗಿರಲಿ. ಅವರ ಚೆಂಡನ್ನೂ ಕೋಲನ್ನೂ ಅಪಹರಿಸಿ ದೊಡ್ಡವರಾಗಬೇಕಾದ ಅಗತ್ಯವು ಕೃಷ್ಣಾ ಭೀಮಾ ತೀರದವರಿಗಿಲ್ಲ. ಅವರ ಕೋಶದಲ್ಲಿ ದಕ್ಷಿಣದ ಬಂಡಿಗೆ ಒಂದು ಎಡೆ ದೊರೆತುದು ಸಂತೋಷವೇ. ದೊರೆಯದಿದ್ದರೂ ಬಂಡಿಯು ಬಂಡಿಯೇ ಆಗಿರುತ್ತಿತ್ತು. ಆ ಮಾತನ್ನು ಇಂದು ಸಂಜೆ ಮನೆಯ ಮಗುವು ಆಡಿದಾಗ ಅದನ್ನು ತಡೆಯದೆ, ಬಂಡಿಯ ಗಾಲಿಗೆ ಅರೆಕಾಲುಗಳೆಷ್ಟೆಂದು ಅಜ್ಜನನ್ನು ಕೇಳಿಕೊಂಡು ಬಾರೆಂದು ಕಳುಹಿಸಿದರೆ, ಸಭೆಗಳಲ್ಲಿ ಮಾಡುವ ಹತ್ತು ಭಾಷಣಗಳಿಗಿಂತ ಕನ್ನಡಕ್ಕೆ ಹೆಚ್ಚಿನ ಉಪಕಾರವಾಗುವುದು.